ನೂರು ಎಂಬಿಪಿಎಸ್ ಇದ್ದರೂ ಆಟ ತಡವರಿಸುವುದೇಕೆ

ನೀಲಗಿರಿಯ ಗೂಡಲೂರು ಪೇಟೆಯ ಒಂದು ಮನೆ ಎಂದುಕೊಳ್ಳೋಣ. ಮನೆಗೆ ಫೈಬರ್ ಬಂದಿದೆ. ನೂರು ಎಂಬಿಪಿಎಸ್ ಪ್ಲ್ಯಾನ್. ಸ್ಪೀಡ್ ಟೆಸ್ಟ್ ಮಾಡಿದರೆ ತೊಂಬತ್ತರ ಮೇಲೆಯೇ ತೋರಿಸುತ್ತದೆ, ಸಿನಿಮಾ ಎಲ್ಲೂ ನಿಲ್ಲದೆ ಓಡುತ್ತದೆ. ಆದರೆ ಮಗಳು ಪ್ಲೇಸ್ಟೇಷನ್ ಹಾಕಿ ಗೆಳತಿಯರ ಜತೆ ಆಡಲು ಕೂತರೆ ‘ನ್ಯಾಟ್ ಟೈಪ್ 3’ ಎಂಬ ಸೂಚನೆ ಬರುತ್ತದೆ. ಅದು ಎಕ್ಸ್‌ಬಾಕ್ಸ್ ಆಗಿದ್ದರೆ ‘ಸ್ಟ್ರಿಕ್ಟ್’ ಎಂದು ಬರುತ್ತಿತ್ತು. ಗೆಳತಿಯರ ಗುಂಪಿಗೆ ಸೇರಲು ಆಗುವುದಿಲ್ಲ. ಸೇರಿದರೂ ಒಬ್ಬಳ ದನಿ ಕೇಳುತ್ತದೆ, ಇನ್ನೊಬ್ಬಳದು ಕೇಳುವುದಿಲ್ಲ. ಮನೆಯವರು ಪ್ಲ್ಯಾನನ್ನು ಇನ್ನೂರಕ್ಕೆ ಏರಿಸುತ್ತಾರೆ. ಬಿಲ್ಲು ಏರುತ್ತದೆ, ಆಟ ಮಾತ್ರ ಇದ್ದಲ್ಲೇ ಇರುತ್ತದೆ.

ಆ ಹೆಚ್ಚಿನ ದುಡ್ಡು ದಂಡ ಎನ್ನಲು ಒಂದು ಸಣ್ಣ ಲೆಕ್ಕ ಸಾಕು. ಆಟ ನಡೆಯುವಾಗ ಕನ್ಸೋಲ್ ಚಿತ್ರವನ್ನು ಕಳಿಸುವುದಿಲ್ಲ. ‘ನಾನು ಇಲ್ಲಿದ್ದೇನೆ, ಈ ಕಡೆ ತಿರುಗಿದೆ, ಈ ಗುಂಡಿ ಒತ್ತಿದೆ’ ಎಂಬಷ್ಟನ್ನು ಪುಟ್ಟ ಪ್ಯಾಕೆಟ್‌ಗಳಲ್ಲಿ ಕಳಿಸುತ್ತದೆ. ಒಂದೊಂದು ಪ್ಯಾಕೆಟ್ 150 ಬೈಟ್, ಸೆಕೆಂಡಿಗೆ 60 ಪ್ಯಾಕೆಟ್ ಎಂದಿಟ್ಟುಕೊಂಡರೂ ಸೆಕೆಂಡಿಗೆ 72 ಕಿಲೋಬಿಟ್ ಆಯಿತು. ನೂರು ಎಂಬಿಪಿಎಸ್‌ನಲ್ಲಿ ಅದು ಸಾವಿರದ ಒಂದು ಪಾಲೂ ಅಲ್ಲ. ಆಟಕ್ಕೆ ಬೇಕಿರುವುದು ಆ ಪುಟ್ಟ ಪ್ಯಾಕೆಟ್ ಕಳೆದುಹೋಗದೆ, ಎಲ್ಲೂ ಕಾಯದೆ, ಸರಿಯಾದ ಕನ್ಸೋಲಿಗೆ ಮುಟ್ಟುವುದು. ಸ್ಪೀಡ್ ಟೆಸ್ಟ್ ಹೇಳುವ ಸಂಖ್ಯೆ ಈ ಮೂರರಲ್ಲಿ ಒಂದನ್ನೂ ಅಳೆಯುವುದಿಲ್ಲ.

ಮೊದಲು, ಸರಿಯಾದ ಕನ್ಸೋಲಿಗೆ ಮುಟ್ಟುವುದು. ನೀಲಗಿರಿಯಲ್ಲಿ ಹೆಚ್ಚು ಜನ ಸೋಲುವುದು ಇಲ್ಲೇ, ಹಾಗಾಗಿ ಇದನ್ನು ನಿಧಾನವಾಗಿ ನೋಡಬೇಕು.

ಗೂಡಲೂರು, ದೇವಾಲ, ಪಂದಲೂರಿನ ಕಡೆಯ ಚಹಾ ಎಸ್ಟೇಟನ್ನು ನೆನೆಯಿರಿ. ಲೈನ್ ಮನೆಗಳಿಗೆ ಬರುವ ಕಾಗದಗಳು ಎಸ್ಟೇಟ್ ಆಫೀಸಿನ ಒಂದೇ ವಿಳಾಸಕ್ಕೆ ಬರುತ್ತವೆ, ಅಲ್ಲಿಂದ ಗುಮಾಸ್ತರಾದ ರೈಟರ್ ಹಂಚುತ್ತಾರೆ ಎಂದುಕೊಳ್ಳಿ. ಲೈನಿನ ಮೂರನೇ ಮನೆಯವರು ಬ್ಯಾಂಕಿಗೆ ಒಂದು ಕಾಗದ ಹಾಕಿದಾಗ ರೈಟರ್ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಬ್ಯಾಂಕಿನ ಉತ್ತರ ಬಂದಾಗ ಪುಸ್ತಕ ನೋಡಿ ಮೂರನೇ ಮನೆಗೆ ಕೊಡುತ್ತಾರೆ. ಯಾರೂ ಬರೆಯದೆ, ತಾನಾಗಿ ಒಂದು ಕಾಗದ ಆಫೀಸಿಗೆ ಬಂದರೆ? ಅದು ಯಾವ ಮನೆಯದೆಂದು ಪುಸ್ತಕದಲ್ಲಿಲ್ಲ. ರೈಟರ್ ಅದನ್ನು ಬಿಸಾಡುತ್ತಾರೆ.

ನಿಮ್ಮ ರೂಟರ್ ಇದೇ ಕೆಲಸ ಮಾಡುತ್ತದೆ. ಹೊರಲೋಕಕ್ಕೆ ಕಾಣುವುದು ಅದರ ಒಂದೇ ಐಪಿ ವಿಳಾಸ. ಒಳಗಿನ ಟಿವಿ, ಫೋನು, ಕನ್ಸೋಲ್‌ಗಳಿಗೆ 192.168ರಿಂದ ಆರಂಭವಾಗುವ ಖಾಸಗಿ ವಿಳಾಸಗಳು. ಒಳಗಿಂದ ಹೊರಟ ಪ್ರತಿ ಸಂಪರ್ಕಕ್ಕೂ ಒಂದು ಪೋರ್ಟ್ ಸಂಖ್ಯೆ ಕೊಟ್ಟು ರೂಟರ್ ತನ್ನ ಕೋಷ್ಟಕದಲ್ಲಿ ಬರೆದುಕೊಳ್ಳುತ್ತದೆ. ಇದಕ್ಕೇ ನ್ಯಾಟ್ ಎನ್ನುವುದು. ಕೆಲ್ಡ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ 1994ರ ಮೇ ತಿಂಗಳಲ್ಲಿ ಇದನ್ನು ಬರೆದು ಮುಂದಿಟ್ಟಾಗ, ವಿಳಾಸಗಳ ಬರ ನೀಗುವವರೆಗಿನ ತಾತ್ಕಾಲಿಕ ಉಪಾಯವೆಂದೇ ಹೇಳಿದ್ದರು. ಹಳೆಯ ಐಪಿ ವಿಳಾಸ 32 ಬಿಟ್‌ನದು. ಹೆಚ್ಚೆಂದರೆ 429 ಕೋಟಿಯಷ್ಟು ವಿಳಾಸಗಳು ಸಿಗುತ್ತವೆ. ಭೂಮಿಯ ಮೇಲಿನ ಜನಸಂಖ್ಯೆಗೇ ಅದು ಸಾಲದು. ತಾತ್ಕಾಲಿಕವಾಗಿ ಬಂದದ್ದು ಮೂವತ್ತು ವರ್ಷ ಕಳೆದರೂ ನಮ್ಮ ಮನೆಮನೆಯಲ್ಲಿ ಕೂತಿದೆ.

ಸಿನಿಮಾ ನೋಡುವವರಿಗೆ ನ್ಯಾಟ್ ತೊಂದರೆ ಕೊಡುವುದಿಲ್ಲ. ಏಕೆಂದರೆ ಅಲ್ಲಿ ಕೇಳುವವರು ನೀವು, ಉತ್ತರ ಕೊಡುವುದು ಸರ್ವರ್. ಪುಸ್ತಕದಲ್ಲಿ ನಮೂದು ಮೊದಲೇ ಇರುತ್ತದೆ. ಆದರೆ ಅನೇಕ ಆಟಗಳಲ್ಲಿ ಕನ್ಸೋಲ್‌ಗಳು ನೇರವಾಗಿ ಒಂದರೊಡನೊಂದು ಮಾತಾಡುತ್ತವೆ. ಜಿಟಿಎ ಆನ್‌ಲೈನ್ ಹಾಗೆ ನಡೆಯುತ್ತದೆ. ಸ್ಟ್ರೀಟ್ ಫೈಟರ್ 6, ಟೆಕ್ಕೆನ್ 8ರ ಒಬ್ಬರಿಗೊಬ್ಬರ ಕಾಳಗವೂ ಹಾಗೆಯೇ. ಅಲ್ಲಿ ಗೆಳತಿಯ ಕನ್ಸೋಲಿನಿಂದ ಹೊರಟ ಮೊದಲ ಪ್ಯಾಕೆಟ್ ನಿಮ್ಮ ರೂಟರಿಗೆ ಕೇಳದೇ ಬಂದ ಕಾಗದ. ಅದು ಹೊರಗೇ ಬಿದ್ದುಹೋಗುತ್ತದೆ.

ಇದಕ್ಕೆ ಎಂಜಿನಿಯರ್‌ಗಳು ಹುಡುಕಿದ ದಾರಿ ನನಗೆ ಬಹಳ ಇಷ್ಟ. ಎರಡೂ ಕನ್ಸೋಲ್‌ಗಳು ಮೊದಲು ಕಂಪನಿಯ ಒಂದು ಸರ್ವರನ್ನು ಸಂಪರ್ಕಿಸುತ್ತವೆ. ‘ನಿನ್ನ ಪ್ಯಾಕೆಟ್ ಹೊರಗೆ ಈ ವಿಳಾಸದಿಂದ, ಈ ಪೋರ್ಟಿನಿಂದ ಬಂದಂತೆ ಕಾಣುತ್ತಿದೆ’ ಎಂದು ಆ ಸರ್ವರ್ ಪ್ರತಿಯೊಂದಕ್ಕೂ ಹೇಳುತ್ತದೆ, ಇನ್ನೊಂದರ ವಿಳಾಸವನ್ನೂ ಕೊಡುತ್ತದೆ. ಆಮೇಲೆ ಎರಡೂ ಒಂದೇ ಹೊತ್ತಿಗೆ ಪರಸ್ಪರ ಪ್ಯಾಕೆಟ್ ಕಳಿಸುತ್ತವೆ. ಎರಡೂ ಮನೆಯ ಪುಸ್ತಕದಲ್ಲಿ ಆಗ ನಮೂದು ಬಿದ್ದಿರುತ್ತದೆ, ಎದುರಿನಿಂದ ಬಂದದ್ದು ಉತ್ತರವೆಂದೇ ಒಳಗೆ ಹೋಗುತ್ತದೆ. ಈ ಉಪಾಯ ಫಲಿಸಬೇಕಾದರೆ ರೂಟರ್ ಒಂದು ನಡತೆ ಪಾಲಿಸಬೇಕು: ಸರ್ವರ್ ಜತೆ ಮಾತಾಡಲು ಬಳಸಿದ ಪೋರ್ಟ್ ಸಂಖ್ಯೆಯನ್ನೇ ಗೆಳತಿಯ ಜತೆ ಮಾತಾಡಲೂ ಬಳಸಬೇಕು. ಕೆಲವು ರೂಟರ್‌ಗಳು ಎದುರಿನವರು ಬದಲಾದ ಹಾಗೆಲ್ಲ ಹೊಸ ಪೋರ್ಟ್ ಕೊಡುತ್ತವೆ. ಆಗ ಸರ್ವರ್ ಹೇಳಿದ ವಿಳಾಸ ಹುಸಿಯಾಗುತ್ತದೆ. ಕನ್ಸೋಲ್ ‘ಸ್ಟ್ರಿಕ್ಟ್’ ಎಂದು ದೂರುವ ಸ್ಥಿತಿಗಳಲ್ಲಿ ಇದು ಮುಖ್ಯವಾದದ್ದು. ಹಾಗೆ ಮಾಡಬಾರದೆಂದು 2007ರ ಜನವರಿಯಲ್ಲಿ ಇಂಟರ್‌ನೆಟ್ ಮಾನಕಗಳ ಸಂಸ್ಥೆ ನಿಯಮ ಬರೆಯಿತು. ಯುಡಿಪಿ ಎಂಬ ಬಗೆಯ ಸಂಪರ್ಕದ ನಮೂದನ್ನು ಎರಡು ನಿಮಿಷಕ್ಕಿಂತ ಮೊದಲು ಅಳಿಸಬಾರದು ಎಂದೂ ಅದರಲ್ಲಿದೆ. ಎಲ್ಲ ತಯಾರಕರೂ ಅದನ್ನು ಓದಿದಂತೆ ಕಾಣುವುದಿಲ್ಲ.

ರೂಟರಿಗೆ ನಾವೇ ಹೇಳಿಕೊಡುವ ದಾರಿಯೂ ಇದೆ. ರೂಟರಿನ ಪುಟ ತೆರೆದು, ಕನ್ಸೋಲಿಗೆ ಬದಲಾಗದ ಒಳವಿಳಾಸವೊಂದನ್ನು ಕಾದಿರಿಸಿ, ‘ಈ ಪೋರ್ಟಿಗೆ ಬಂದದ್ದೆಲ್ಲ ಈ ಕನ್ಸೋಲಿಗೆ’ ಎಂದು ಬರೆದಿಡಬಹುದು. ಎಕ್ಸ್‌ಬಾಕ್ಸ್‌ಗೆ ಮುಖ್ಯವಾದದ್ದು 3074. ಪ್ಲೇಸ್ಟೇಷನ್‌ಗೆ 3478 ಮತ್ತು 3479. ಇದೇ ಪೋರ್ಟ್ ಫಾರ್ವರ್ಡಿಂಗ್. ರೈಟರ್‌ಗೆ ಕೊಟ್ಟ ಶಾಶ್ವತ ಸೂಚನೆ ಎನ್ನಿ. ಒಳವಿಳಾಸವನ್ನು ಕಾದಿರಿಸುವುದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಕರೆಂಟ್ ಹೋಗಿ ಬಂದ ಮೇಲೆ ಕನ್ಸೋಲಿಗೆ ಬೇರೆ ವಿಳಾಸ ಸಿಕ್ಕರೆ ಸೂಚನೆ ಖಾಲಿ ಮನೆಯ ಬಾಗಿಲು ತಟ್ಟುತ್ತದೆ. ಗಾಳಿಮಳೆಗೆ ದಿನಕ್ಕೆ ಎರಡು ಸಲ ಕರೆಂಟ್ ಹೋಗುವ ಊರಿನಲ್ಲಿ ಇದನ್ನು ಮರೆಯಬಾರದು.

ಇನ್ನೊಂದು ದಾರಿ ಯುಪಿಎನ್‌ಪಿ. ಇದನ್ನು ಚಾಲೂ ಮಾಡಿದರೆ ಕನ್ಸೋಲ್ ತಾನೇ ರೂಟರನ್ನು ಕೇಳಿ ಪೋರ್ಟ್ ತೆರೆಸಿಕೊಳ್ಳುತ್ತದೆ, ಮನೆಯಲ್ಲಿ ಎರಡು ಕನ್ಸೋಲ್ ಇದ್ದರೆ ಎರಡನೆಯದು ಬೇರೆ ಪೋರ್ಟ್ ಹಿಡಿಯುತ್ತದೆ. ಕೈಯಾರೆ ಬರೆದ ಸೂಚನೆ ಒಂದು ಪೋರ್ಟನ್ನು ಒಂದೇ ಕನ್ಸೋಲಿಗೆ ಕೊಡಬಲ್ಲದು. ಅಣ್ಣ ತಂಗಿ ಇಬ್ಬರೂ ಆಡುವ ಮನೆಗೆ ಹಾಗಾಗಿ ಯುಪಿಎನ್‌ಪಿಯೇ ಸರಿ. ಅಪಾಯ ಏನೆಂದರೆ, ಯುಪಿಎನ್‌ಪಿ ಗುರುತು ಕೇಳುವುದಿಲ್ಲ. ಮನೆಯೊಳಗಿನ ಯಾವ ಉಪಕರಣ ಕೇಳಿದರೂ ಬಾಗಿಲು ತೆರೆಯುತ್ತದೆ. 2008ರಲ್ಲಿ ಹಬ್ಬಿದ ಕಾನ್‌ಫಿಕರ್ ಎಂಬ ಕಂಪ್ಯೂಟರ್ ಹುಳು ಇದೇ ಸೌಲಭ್ಯವನ್ನು ದುರುಪಯೋಗ ಮಾಡಿಕೊಂಡಿತು. 2013ರಲ್ಲಿ ರ‍್ಯಾಪಿಡ್7 ಸಂಸ್ಥೆ ಇಂಟರ್‌ನೆಟ್ ಜಾಲಾಡಿದಾಗ, ಒಳಗಿನವರಿಗೆ ಮಾತ್ರ ಕೇಳಬೇಕಾದ ಯುಪಿಎನ್‌ಪಿ ಹೊರಗಿನವರಿಗೂ ಉತ್ತರ ಕೊಡುತ್ತಿದ್ದ ವಿಳಾಸಗಳು ಎಂಟು ಕೋಟಿಗೂ ಮೀರಿ ಸಿಕ್ಕವು. ನನ್ನ ಅಭಿಪ್ರಾಯ: ರೂಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಫರ್ಮ್‌ವೇರ್ ಹೊಸದಾಗಿಸಿ, ಯುಪಿಎನ್‌ಪಿ ಇಟ್ಟುಕೊಳ್ಳಿ. ಹೋಮ್‌ಸ್ಟೇ ನಡೆಸುವವರು ಅತಿಥಿಗಳಿಗೆ ಬೇರೆಯೇ ಗೆಸ್ಟ್ ವೈಫೈ ಕೊಡಿ. ಅಪರಿಚಿತ ಫೋನುಗಳಿರುವ ಜಾಲದಲ್ಲಿ ಯುಪಿಎನ್‌ಪಿ ಇರಕೂಡದು. ಕನ್ಸೋಲನ್ನು ‘ಡಿಎಂಜೆಡ್’ನಲ್ಲಿ ಇಡಿ ಎಂದು ಕೆಲವರು ಹೇಳುತ್ತಾರೆ. ಎಲ್ಲ ಪೋರ್ಟನ್ನೂ ಒಂದೇ ಯಂತ್ರಕ್ಕೆ ತೆರೆಯುವ ಆ ಕ್ರಮ ಆಟಕ್ಕೆ ಬೇಕಾದ್ದಕ್ಕಿಂತ ಬಹಳ ಹೆಚ್ಚು. ಲ್ಯಾಪ್‌ಟಾಪನ್ನಂತೂ ಎಂದೂ ಅಲ್ಲಿಡಬೇಡಿ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ‘ಸ್ಟ್ರಿಕ್ಟ್’ ಹೋಗದ ಮನೆಗಳಿವೆ. ಬೆಟ್ಟದ ಪೇಟೆಗಳಲ್ಲಿ ಅದಕ್ಕೆ ಕಾರಣ ಹೆಚ್ಚಾಗಿ ರೂಟರಿನ ಆಚೆ ಇರುತ್ತದೆ.

ರೂಟರಿನ ಪುಟದಲ್ಲಿ ‘ವ್ಯಾನ್ ಐಪಿ’ ಎಂಬ ಸಾಲು ಹುಡುಕಿ. ಅಲ್ಲಿರುವ ಸಂಖ್ಯೆಯನ್ನು ಬರೆದುಕೊಳ್ಳಿ. ಆಮೇಲೆ ಬ್ರೌಸರಿನಲ್ಲಿ ‘ನನ್ನ ಐಪಿ ಯಾವುದು’ ಎಂದು ಹುಡುಕಿ ಬಂದ ಸಂಖ್ಯೆಯನ್ನು ಪಕ್ಕದಲ್ಲಿ ಬರೆಯಿರಿ. ಎರಡೂ ಒಂದೇ ಆಗಿದ್ದರೆ ನಿಮ್ಮ ಮನೆಗೆ ನಿಜವಾದ ವಿಳಾಸವಿದೆ. ಬೇರೆ ಬೇರೆಯಾಗಿದ್ದು, ವ್ಯಾನ್ ಐಪಿ 192.168ರಿಂದ ಆರಂಭವಾಗಿದ್ದರೆ ಮನೆಯಲ್ಲೇ ಎರಡು ರೂಟರ್ ಒಂದರ ಹಿಂದೊಂದು ನ್ಯಾಟ್ ಮಾಡುತ್ತಿವೆ: ಫೈಬರ್‌ನವರು ಕೊಟ್ಟ ಡಬ್ಬಿ ಒಂದು, ಅಂಗಡಿಯಿಂದ ನೀವು ತಂದದ್ದು ಇನ್ನೊಂದು. ಮೊದಲನೆಯದನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಇಲ್ಲವೇ ಎರಡನೆಯದನ್ನು ಆಕ್ಸೆಸ್ ಪಾಯಿಂಟ್ ಆಗಿ ಬದಲಿಸಿ. ಐದು ನಿಮಿಷದ ಕೆಲಸ.

ವ್ಯಾನ್ ಐಪಿ 100.64ರಿಂದ 100.127ರ ನಡುವೆ ಇದ್ದರೆ, ಅಥವಾ ಮನೆಯಲ್ಲಿ ಒಂದೇ ರೂಟರ್ ಇದ್ದೂ 10ರಿಂದ ಆರಂಭವಾಗಿದ್ದರೆ, ಸಂಗತಿ ಬೇರೆ. ಕಂಪನಿಯೇ ತನ್ನ ಕಡೆ ಇನ್ನೊಂದು ನ್ಯಾಟ್ ಇಟ್ಟಿದೆ. ಎಸ್ಟೇಟ್ ಆಫೀಸಿಗೂ ಸ್ವಂತ ವಿಳಾಸವಿಲ್ಲ, ಹತ್ತಾರು ಎಸ್ಟೇಟುಗಳ ಕಾಗದ ದೂರದ ಪಟ್ಟಣದ ಒಂದೇ ಆಫೀಸಿಗೆ ಬೀಳುತ್ತದೆ, ಅಲ್ಲಿನ ರೈಟರ್‌ನ ಪುಸ್ತಕದಲ್ಲಿ ಬರೆಯಲು ನಿಮಗೆ ಅಧಿಕಾರವಿಲ್ಲ. ನಿಮ್ಮ ರೂಟರಿನಲ್ಲಿ ಎಷ್ಟೇ ಪೋರ್ಟ್ ತೆರೆದರೂ ಕಾಗದ ಅಲ್ಲಿಯವರೆಗೆ ಬಂದರೆ ತಾನೆ?

ಕಂಪನಿಗಳು ಹೀಗೆ ಮಾಡುವುದು ದುರಾಸೆಯಿಂದ ಎಂದು ಹೇಳಿ ಮುಗಿಸಲಾಗದು. ಜಗತ್ತಿನ ಕೇಂದ್ರ ಉಗ್ರಾಣದಲ್ಲಿ ಹಳೆಯ ಐಪಿ ವಿಳಾಸಗಳು 2011ರ ಫೆಬ್ರವರಿ 3ರಂದು ಮುಗಿದವು. ಏಷ್ಯಾ–ಪೆಸಿಫಿಕ್ ಪಾಲನ್ನು ಹಂಚುವ ಎಪಿನಿಕ್ ಸಂಸ್ಥೆ ಅದೇ ವರ್ಷ ಏಪ್ರಿಲ್ 15ರಂದು ತನ್ನ ಕೊನೆಯ ದಾಸ್ತಾನಿಗೆ ಕೈಹಾಕಿತು. ಅಂದಿನಿಂದ ಆ ದಾಸ್ತಾನಿನಲ್ಲಿ ಒಂದು ಕಂಪನಿಗೆ ಹೆಚ್ಚೆಂದರೆ 1024 ವಿಳಾಸ. 2019ರಿಂದ ಅದೂ 512ಕ್ಕೆ ಇಳಿಯಿತು. ಇತ್ತೀಚೆಗೆ ಶುರುವಾದ ಸಣ್ಣ ಕಂಪನಿಯೊಂದು ಬೆಟ್ಟದ ಸಾವಿರಾರು ಮನೆಗೆ ಫೈಬರ್ ಎಳೆದರೆ, ಮನೆಗೊಂದು ವಿಳಾಸ ಎಲ್ಲಿಂದ ತಂದೀತು? ಒಂದು ವಿಳಾಸದಲ್ಲಿ ಬಳಸಬಹುದಾದ ಪೋರ್ಟ್‌ಗಳು ಸುಮಾರು 64 ಸಾವಿರ. ಮನೆಗೆ ಸಾವಿರದಂತೆ ಹಂಚಿದರೆ ಅರವತ್ತನಾಲ್ಕು ಮನೆ ಒಂದೇ ವಿಳಾಸದಲ್ಲಿ ಬಾಳಬಹುದು. ಇದಕ್ಕೆಂದೇ 2012ರ ಏಪ್ರಿಲ್‌ನಲ್ಲಿ 100.64ರ ಸಾಲನ್ನು ಮೀಸಲಿಟ್ಟರು. ಹಾಗಾಗಿ ಆ ಸಂಖ್ಯೆ ಕಂಡ ಕೂಡಲೇ ರೋಗ ಯಾವುದೆಂದು ನಿಸ್ಸಂಶಯವಾಗಿ ಹೇಳಬಹುದು.

ಪರಿಹಾರ ಎರಡು. ಒಂದು, ಕಂಪನಿಗೆ ಫೋನ್ ಮಾಡಿ ‘ಪಬ್ಲಿಕ್ ಐಪಿ ಬೇಕು’ ಎಂದು ಕೇಳುವುದು. ‘ಗೇಮ್ ಸರಿಯಾಗಿ ಬರುತ್ತಿಲ್ಲ’ ಎಂದರೆ ಆ ಕಡೆಯವರು ರೂಟರ್ ಆರಿಸಿ ಹಚ್ಚಿ ಎನ್ನುತ್ತಾರೆ. ‘ನನ್ನ ವ್ಯಾನ್ ಐಪಿ 100.70ರದು, ನನಗೆ ಪಬ್ಲಿಕ್ ಐಪಿ ಕೊಡಿ’ ಎಂದರೆ ವಿಷಯ ತಿಳಿದವರಿಗೆ ಕರೆ ವರ್ಗವಾಗುತ್ತದೆ. ಹಲವು ಕಂಪನಿಗಳು ಇದಕ್ಕೆ ತಿಂಗಳಿಗೋ ವರ್ಷಕ್ಕೋ ಬೇರೆ ಶುಲ್ಕ ತೆಗೆದುಕೊಳ್ಳುತ್ತವೆ. ಪ್ಲ್ಯಾನನ್ನು ಇನ್ನೂರಕ್ಕೆ ಏರಿಸುವ ದುಡ್ಡನ್ನು ಇಲ್ಲಿ ಹಾಕಿ. ಎರಡನೆಯದು ಐಪಿವಿ6. 128 ಬಿಟ್‌ನ ಈ ಹೊಸ ವಿಳಾಸಗಳಿಗೆ ಬರವೇ ಇಲ್ಲ. ಮನೆಯ ಪ್ರತಿ ಉಪಕರಣಕ್ಕೂ ಜಗತ್ತಿಗೇ ಒಂದಾದ ವಿಳಾಸ ಸಿಗುತ್ತದೆ, ನ್ಯಾಟ್ ಬೇಕಾಗುವುದೇ ಇಲ್ಲ. 2016ರಲ್ಲಿ ಜಿಯೊ ತನ್ನ ಜಾಲವನ್ನು ಐಪಿವಿ6ರ ಮೇಲೆ ಕಟ್ಟಿದ ಮೇಲೆ ಭಾರತ ಈ ವಿಷಯದಲ್ಲಿ ಜಗತ್ತಿನ ಮುಂಚೂಣಿಗೆ ಬಂತು. ಎಕ್ಸ್‌ಬಾಕ್ಸ್ ಒನ್ 2013ರಲ್ಲೇ ಇದಕ್ಕೆ ಸಿದ್ಧವಾಗಿ ಬಂದಿತ್ತು. ಆದರೂ ಅನೇಕ ಮನೆಗಳ ರೂಟರಿನಲ್ಲಿ ಐಪಿವಿ6 ಆಫ್ ಆಗಿಯೇ ಇರುತ್ತದೆ. ಆನ್ ಮಾಡಿ, ಅದರ ಫೈರ್‌ವಾಲ್ ಆನ್ ಇದೆಯೇ ಎಂದೂ ನೋಡಿ. ಎದುರಿನ ಕನ್ಸೋಲಿಗೂ ಐಪಿವಿ6 ಇದ್ದಾಗ ಮಾತ್ರ ಈ ನೇರ ದಾರಿ ಕೆಲಸಕ್ಕೆ ಬರುತ್ತದೆ.

ಇನ್ನು ಕಾಯುವಿಕೆ. ಸಸ್ಯೋದ್ಯಾನದಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವ ಮೇ ತಿಂಗಳಲ್ಲಿ ಉದಕಮಂಡಲದ ಹೋಮ್‌ಸ್ಟೇಗಳೆಲ್ಲ ತುಂಬಿರುತ್ತವೆ. ಅತಿಥಿಗಳು ಪೈಕಾರ, ದೊಡ್ಡಬೆಟ್ಟ ಸುತ್ತಿ ಸಂಜೆ ಬಂದು ವೈಫೈ ಸಿಕ್ಕಿದ ಕೂಡಲೇ ಫೋಟೊ, ವಿಡಿಯೊ ಏರಿಸಲು ಶುರು ಮಾಡುತ್ತಾರೆ. ಅದೇ ಹೊತ್ತಿಗೆ ಆ ಮನೆಯ ಹುಡುಗನ ಆಟದಲ್ಲಿ ಎದುರಾಳಿ ಒಮ್ಮೆ ನಿಂತು ಒಮ್ಮೆ ಹಾರುತ್ತಾನೆ. ಸ್ಪೀಡ್ ಕಡಿಮೆಯಾಯಿತು ಎಂದು ಎಲ್ಲರೂ ತಿಳಿಯುತ್ತಾರೆ. ಅವನಿಗೆ ಬೇಕಾದ 72 ಕಿಲೋಬಿಟ್ ಆಗಲೂ ಸಿಗುತ್ತಿರುತ್ತದೆ. ಆದರೆ ತಡವಾಗಿ.

ಹೊರಗೆ ಹೋಗುವ ವೇಗ 20 ಎಂಬಿಪಿಎಸ್ ಇದೆ, ರೂಟರಿನಲ್ಲಿ ಹೊರಡಲು ಕಾಯುವ ಪ್ಯಾಕೆಟ್‌ಗಳಿಗೆ ಒಂದು ಮೆಗಾಬೈಟ್ ಜಾಗ ಇದೆ ಎಂದುಕೊಳ್ಳಿ. ಒಂದು ಮೆಗಾಬೈಟ್ ಎಂದರೆ 8 ಮೆಗಾಬಿಟ್. ಆ ಜಾಗ ತುಂಬಿದ್ದರೆ, ಸಾಲಿನ ತುದಿಗೆ ಬಂದ ಪ್ಯಾಕೆಟ್ ಹೊರಬೀಳಲು 0.4 ಸೆಕೆಂಡ್ ಬೇಕು. ಅಂದರೆ 400 ಮಿಲಿಸೆಕೆಂಡ್. ಸೆಕೆಂಡಿಗೆ 60 ಚಿತ್ರ ತೋರಿಸುವ ಆಟದಲ್ಲಿ ಅದು 24 ಚಿತ್ರಗಳ ಹೊತ್ತು. ಹುಡುಗ ಗುಂಡಿ ಒತ್ತಿದ ಸುದ್ದಿ ಅತಿಥಿಯ ವಿಡಿಯೊ ತುಣುಕುಗಳ ಹಿಂದೆ ನಿಂತಿರುತ್ತದೆ.

ಸಾಲು ಯಾಕೆ ತುಂಬುತ್ತದೆ ಎಂಬುದರ ಹಿಂದೆ ಒಂದು ಹಳೆಯ ಕತೆಯಿದೆ. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಅಲ್ಲಿಂದ ಕೇವಲ 400 ಗಜ ದೂರದ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಎಲ್ಲರೂ ಒಟ್ಟಿಗೆ ಕಳಿಸುತ್ತಿದ್ದರು, ಕಳೆದದ್ದನ್ನು ಮತ್ತೆ ಮತ್ತೆ ಕಳಿಸುತ್ತಿದ್ದರು. ಆ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ ಅದನ್ನು ಕೂಲಂಕಷವಾಗಿ ಅಧ್ಯಯನ ಮಾಡಿ 1988ರಲ್ಲಿ ಪ್ರಕಟಿಸಿದ ಕ್ರಮ ಇದು: ಸ್ವಲ್ಪ ಸ್ವಲ್ಪವೇ ವೇಗ ಏರಿಸು, ಪ್ಯಾಕೆಟ್ ಕಳೆದುಹೋದರೆ ದಾರಿ ತುಂಬಿದೆ ಎಂದು ತಿಳಿದು ಇಳಿಸು. ಇಂಟರ್‌ನೆಟ್ ಆ ಕ್ರಮದಿಂದ ಉಳಿಯಿತು. ಆದರೆ ಅದು ನಿಂತಿರುವುದು ಒಂದು ನಂಬಿಕೆಯ ಮೇಲೆ: ದಾರಿ ತುಂಬಿದಾಗ ಪ್ಯಾಕೆಟ್ ಬೇಗ ಬಿದ್ದುಹೋಗಬೇಕು. ಮೆಮೊರಿ ಅಗ್ಗವಾದಾಗ ತಯಾರಕರು ಒಂದು ಪ್ಯಾಕೆಟ್ಟೂ ಬೀಳಬಾರದೆಂದು ರೂಟರ್‌ಗಳಲ್ಲಿ ದೊಡ್ಡ ದೊಡ್ಡ ಜಾಗ ಇಟ್ಟರು. ಈಗ ವಿಡಿಯೊ ಕಳಿಸುವ ಫೋನಿಗೆ ದಾರಿ ತುಂಬಿದ ಸುದ್ದಿಯೇ ಮುಟ್ಟುವುದಿಲ್ಲ, ಅದು ಏರಿಸುತ್ತಲೇ ಹೋಗುತ್ತದೆ, ಸಾಲು ಬೆಳೆಯುತ್ತಲೇ ಹೋಗುತ್ತದೆ. 2010ರಲ್ಲಿ ಬೆಲ್ ಲ್ಯಾಬ್ಸ್‌ನ ಜಿಮ್ ಗೆಟಿಸ್ ಮನೆಯಿಂದ ದೊಡ್ಡ ಫೈಲ್ ಕಳಿಸುವಾಗ ತಡ ಒಂದು ಸೆಕೆಂಡಿಗೂ ಮೀರಿದ್ದನ್ನು ಕಂಡು, ಬೆನ್ನುಹತ್ತಿ ಹುಡುಕಿ, ಇದಕ್ಕೆ ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಜತೆ ಸೇರಿ ಮದ್ದು ಕೊಟ್ಟವರು ಅದೇ ವ್ಯಾನ್ ಜೇಕಬ್ಸನ್. ಅವರ ‘ಕೋಡೆಲ್’ ಸಾಲು ಎಷ್ಟು ಉದ್ದವಿದೆ ಎಂದು ನೋಡುವುದಿಲ್ಲ. ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ. 5 ಮಿಲಿಸೆಕೆಂಡಿಗಿಂತ ಹೆಚ್ಚಿನ ಕಾಯುವಿಕೆ 100 ಮಿಲಿಸೆಕೆಂಡ್ ಕಾಲ ಇಳಿಯದಿದ್ದರೆ ಪ್ಯಾಕೆಟ್ ಬೀಳಿಸಲು ಶುರು ಮಾಡುತ್ತದೆ. ಇದರ ಮುಂದಿನ ರೂಪ ಪ್ರತಿ ಸಂಪರ್ಕಕ್ಕೂ ಬೇರೆ ಸಾಲು ಮಾಡಿ, ಸರದಿಯಂತೆ ಒಂದೊಂದರಿಂದ ತೆಗೆಯುತ್ತದೆ. ಆಟದ ಪುಟ್ಟ ಪ್ಯಾಕೆಟ್ ಅಲ್ಲಿ ಯಾರ ಹಿಂದೆಯೂ ನಿಲ್ಲಬೇಕಾಗಿಲ್ಲ.

ರೂಟರಿನಲ್ಲಿ ಇದನ್ನು ‘ಎಸ್‌ಕ್ಯೂಎಂ’ ಎಂಬ ಹೆಸರಿನಲ್ಲಿ ಹುಡುಕಿ. ಕಂಪನಿ ಕೊಟ್ಟ ಡಬ್ಬಿಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ‘ಓಪನ್‌ಡಬ್ಲ್ಯುಆರ್‌ಟಿ’ ಎಂಬ ಮುಕ್ತ ತಂತ್ರಾಂಶ ಹಾಕಬಲ್ಲ ರೂಟರುಗಳಲ್ಲಿ ಸಿಗುತ್ತದೆ. ಲಿಂಕ್‌ಸಿಸ್ ಕಂಪನಿ ತನ್ನ ಡಬ್ಲ್ಯುಆರ್‌ಟಿ54ಜಿ ರೂಟರಿನ ಮೂಲಸಂಕೇತವನ್ನು ಬಹಿರಂಗಪಡಿಸಿದ ಮೇಲೆ ಹವ್ಯಾಸಿಗಳು 2004ರಲ್ಲಿ ಕಟ್ಟಲು ತೊಡಗಿದ ಈ ತಂತ್ರಾಂಶ ಇಂದೂ ಬೆಳೆಯುತ್ತಿದೆ. ಎಸ್‌ಕ್ಯೂಎಂ ಹಾಕುವಾಗ ನಿಮ್ಮ ನಿಜವಾದ ವೇಗದ ಶೇಕಡ 85ರಿಂದ 90ರಷ್ಟನ್ನು ಬರೆಯಬೇಕು. ಕೊಂಡ ವೇಗವನ್ನು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ, ಆದರೆ ಅದಕ್ಕೆ ಗಟ್ಟಿ ಕಾರಣವಿದೆ. ಸಾಲು ಬೆಳೆಯುವುದು ದಾರಿಯ ಅತಿ ಇಕ್ಕಟ್ಟಾದ ಜಾಗದಲ್ಲಿ. ಆ ಜಾಗ ಕಂಪನಿಯ ಡಬ್ಬಿಯಲ್ಲಿದ್ದರೆ ಅಲ್ಲಿನ ಸಾಲು ನಿಮ್ಮ ಮಾತು ಕೇಳುವುದಿಲ್ಲ. ನಿಮ್ಮ ರೂಟರನ್ನೇ ಸ್ವಲ್ಪ ಇಕ್ಕಟ್ಟು ಮಾಡಿದರೆ ಸಾಲು ಅಲ್ಲಿಗೆ ಬರುತ್ತದೆ. ‘ಗೇಮಿಂಗ್ ಮೋಡ್’ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ರೂಟರುಗಳಲ್ಲಿ ವೇಗದ ಮಿತಿ ಬರೆಯುವ ಜಾಗ ಇಲ್ಲದಿದ್ದರೆ ನಾನು ಅದಕ್ಕೆ ಹೆಚ್ಚಿನ ಬೆಲೆ ಕೊಡುವುದಿಲ್ಲ. ಪರೀಕ್ಷೆ ಸುಲಭ: ಫೋನಿನಿಂದ ದೊಡ್ಡ ವಿಡಿಯೊ ಏರಿಸುತ್ತಾ ಕಂಪ್ಯೂಟರಿನಿಂದ ಪಿಂಗ್ ಮಾಡಿ, ಅಂದರೆ ಒಂದು ಪ್ಯಾಕೆಟ್ ಹೋಗಿಬರುವ ಹೊತ್ತನ್ನು ಅಳೆಯಿರಿ. ಖಾಲಿ ಇದ್ದಾಗ 25 ಮಿಲಿಸೆಕೆಂಡ್ ಇದ್ದದ್ದು 300 ಆದರೆ ರೋಗ ಇದೇ.

ವೈಫೈ ಬಗ್ಗೆ ಹೇಳಲು ಹೆಚ್ಚಿಲ್ಲ. ಕನ್ಸೋಲಿಗೆ ಈಥರ್ನೆಟ್ ಕೇಬಲ್ ಎಳೆಯಿರಿ. ನೂರು ಮೀಟರ್‌ವರೆಗೆ ಅದು ನಿಶ್ಚಿಂತೆಯಿಂದ ಕೆಲಸ ಮಾಡುತ್ತದೆ. ವೈಫೈನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಉಳಿದವರು ಸುಮ್ಮನಿದ್ದು ಕಾಯಬೇಕು. ಆ ಕಾಯುವಿಕೆ ಪ್ರತಿ ಸಲವೂ ಬೇರೆಬೇರೆ. ಉದಕಮಂಡಲದ ಹಳೆ ಬಂಗಲೆಗಳ ದಪ್ಪ ಕಲ್ಲುಗೋಡೆ ದಾಟುವಾಗ 5 ಗಿಗಾಹರ್ಟ್ಸ್ ಅಲೆ ಬೇಗ ಸೊರಗುತ್ತದೆ, ಮಳೆಗಾಲದ ತೇವ ಹೀರಿದ ಗೋಡೆ ಇನ್ನೂ ಕಷ್ಟ. ಕೇಬಲ್ ಆಗದಿದ್ದರೆ ರೂಟರನ್ನೇ ಆಟದ ಕೋಣೆಗೆ ತನ್ನಿ.

ಉಳಿದದ್ದು ಪ್ಯಾಕೆಟ್ ಕಳೆದುಹೋಗುವುದು. ಮಳೆಗಾಲ ಎಂದಾಗ ಫೈಬರ್ ಬಗ್ಗೆ ಒಂದು ಮಾತು ಹೇಳಲೇಬೇಕು, ಬಯಲುಸೀಮೆಯ ಪುಸ್ತಕಗಳು ಇದನ್ನು ಹೇಳುವುದಿಲ್ಲ. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 900 ಮಿಲಿಮೀಟರಿಗೂ ಮೀರಿ ಮಳೆ ಸುರಿದ ಜಿಲ್ಲೆ ಇದು. ಗುಡ್ಡ ಜರಿಯುತ್ತದೆ, ಮರ ಬೀಳುತ್ತದೆ, ಕಂಬದಿಂದ ಕಂಬಕ್ಕೆ ಎಳೆದ ಫೈಬರ್ ತುಂಡಾಗುತ್ತದೆ. ಪ್ರತಿ ಸಲ ಬೆಸೆದಾಗಲೂ ಬೆಳಕು ಚೂರು ಸೋರುತ್ತದೆ. ಚೆನ್ನಾಗಿ ಬೆಸೆದರೆ ಗಣನೆಗೆ ಬಾರದಷ್ಟು. ಮಳೆಯಲ್ಲಿ ಅವಸರಕ್ಕೆ ಜೋಡಿಸಿದ್ದು, ಗಂಟು ಹಾಕಿದಂತೆ ಬಾಗಿಸಿ ಕಟ್ಟಿದ್ದು ಬಹಳ ಸೋರುತ್ತವೆ. ನಿಮ್ಮ ಡಬ್ಬಿಯ ಪುಟದಲ್ಲಿ ‘ಆರ್‌ಎಕ್ಸ್ ಪವರ್’ ಎಂಬ ಸಾಲಿದೆ. ಮನೆಗಳಿಗೆ ಹಾಕುವ ‘ಜಿಪಾನ್’ ಎಂಬ ಬಗೆಯ ಸಾಮಾನ್ಯ ಫೈಬರ್ ಉಪಕರಣ -8ರಿಂದ -27 ಡಿಬಿಎಂವರೆಗೆ ಸರಿಯಾಗಿ ಓದುತ್ತದೆ. ಮೂರು ಡೆಸಿಬೆಲ್ ಇಳಿದರೆ ಬೆಳಕು ಅರ್ಧವಾಯಿತು ಎಂದರ್ಥ. ಬೇಸಿಗೆಯಲ್ಲಿ -21 ಇದ್ದದ್ದು ರಿಪೇರಿ ಆದ ಮೇಲೆ -27 ತೋರಿಸಿದರೆ ನಾಲ್ಕರಲ್ಲಿ ಒಂದು ಪಾಲು ಬೆಳಕು ಮಾತ್ರ ಬರುತ್ತಿದೆ. ಪ್ಯಾಕೆಟ್‌ಗಳು ಆಗೀಗ ಕಳೆದುಹೋಗುತ್ತವೆ. ಸಿನಿಮಾ ಮೊದಲೇ ಒಂದಷ್ಟು ತುಂಬಿಟ್ಟುಕೊಳ್ಳುವುದರಿಂದ ಅದಕ್ಕೆ ತಿಳಿಯುವುದಿಲ್ಲ, ಆಟಕ್ಕೆ ಕೂಡಲೇ ತಿಳಿಯುತ್ತದೆ. ಫೈಬರ್‌ನವರು ಬಂದಾಗ ಈ ಸಂಖ್ಯೆ ಹೇಳಿ, ಅವರಿಗೆ ಅದರ ಅರ್ಥ ಚೆನ್ನಾಗಿ ಗೊತ್ತು.

ಇಲ್ಲಿಯವರೆಗಿನದೆಲ್ಲ ಮನುಷ್ಯರು ಸರಿಪಡಿಸಬಹುದಾದದ್ದು. ದೂರ ಹಾಗಲ್ಲ.

ಉದಕಮಂಡಲದ ಹತ್ತಿರ ಮುತ್ತೋರೆಯಲ್ಲಿ 530 ಮೀಟರ್ ಉದ್ದದ ರೇಡಿಯೊ ದೂರದರ್ಶಕವಿದೆ. ಖಗೋಳವಿಜ್ಞಾನಿ ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) 1970ರಲ್ಲಿ ಅದನ್ನು ಕಟ್ಟಿ ಮುಗಿಸಿತು. ಆ ಜಾಗದ ಅಕ್ಷಾಂಶದಷ್ಟೇ, ಸುಮಾರು 11 ಡಿಗ್ರಿಯಷ್ಟು ವಾಲಿದ ಗುಡ್ಡವನ್ನು ಹುಡುಕಿ ಅದರ ಮೈಮೇಲೆ ನಿಲ್ಲಿಸಿದ್ದರಿಂದ ಅದರ ಉದ್ದದ ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರವಾಗಿದೆ. ಅಲ್ಲಿಗೆ ಬರುವ ಕೆಲವು ಅಲೆಗಳು ಕೋಟ್ಯಂತರ ವರ್ಷ ಹಿಂದೆ ಹೊರಟವು. ಅವುಗಳನ್ನು ತಡೆದಿರಿಸಿದ್ದು ಬೆಳಕಿನ ವೇಗದ ಮಿತಿ ಮಾತ್ರ. ಅದೇ ಮಿತಿ ಪಕ್ಕದ ಬೀದಿಯ ಪ್ಲೇಸ್ಟೇಷನ್‌ಗೂ ಅನ್ವಯಿಸುತ್ತದೆ, ಗಾಜಿನಲ್ಲಿ ಇನ್ನೂ ಬಿಗಿಯಾಗಿ. ಫೈಬರ್‌ನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಅಂದರೆ ಒಂದು ಮಿಲಿಸೆಕೆಂಡಿಗೆ 200 ಕಿಲೋಮೀಟರ್.

ಚೆನ್ನೈಯಿಂದ ಸಿಂಗಪುರಕ್ಕೆ 2002ರಲ್ಲಿ ಹಾಕಿದ ‘ಐ2ಐ’ ಸಮುದ್ರದಡಿ ಕೇಬಲ್ ಸುಮಾರು 3200 ಕಿಲೋಮೀಟರ್ ಉದ್ದ. ಹೋಗಿ ಬರಲು 32 ಮಿಲಿಸೆಕೆಂಡ್. ಉದಕಮಂಡಲದಿಂದ ಚೆನ್ನೈಗೆ ರಸ್ತೆಯಷ್ಟೇ ದೂರ ಎಂದುಕೊಂಡರೂ ಇನ್ನೈದು ಸೇರುತ್ತದೆ. ಸಿಂಗಪುರದ ಸರ್ವರ್ ಆಯ್ದುಕೊಂಡ ಯಾವ ನೀಲಗಿರಿಯ ಆಟಗಾರನೂ ಈ ದಾರಿಯಲ್ಲಿ 37ಕ್ಕಿಂತ ಕಡಿಮೆ ಪಿಂಗ್ ಕಾಣಲಾರ, ಯಾವ ರೂಟರೂ ಕೊಡಲಾರದು. ಮುಂಬಯಿ ನೇರ ಗೆರೆಯಲ್ಲಿ 950 ಕಿಲೋಮೀಟರ್ ಒಳಗೇ ಇದೆ, ಕನಿಷ್ಠ ತಡ ಹತ್ತಕ್ಕಿಂತ ಕೆಳಗೆ. ಹಾಗಾಗಿ ಆಟದಲ್ಲಿ ಸರ್ವರ್ ಆಯ್ಕೆ ಇದ್ದರೆ ‘ಆಟೊ’ ಎಂದು ಬಿಡದೆ ಕೈಯಾರೆ ಮುಂಬಯಿ ಆಯ್ದು ನೋಡಿ. ಕಾಳಗದ ಆಟಗಳಲ್ಲಿ ಈ ತಡವನ್ನು ಮರೆಸುವ ಜಾಣ ಉಪಾಯವೊಂದಿದೆ. 2000ದ ದಶಕದಲ್ಲಿ ಟೋನಿ ಕ್ಯಾನನ್ ‘ಜಿಜಿಪಿಒ’ ಎಂಬ ತಂತ್ರಾಂಶದ ಮೂಲಕ ಪ್ರಚುರಪಡಿಸಿದ ಈ ವಿಧಾನದಲ್ಲಿ ಕನ್ಸೋಲ್ ಎದುರಾಳಿಯ ಮುಂದಿನ ನಡೆಯನ್ನು ಊಹಿಸಿ ಆಟ ಮುಂದುವರಿಸುತ್ತದೆ. ಊಹೆ ತಪ್ಪಿದರೆ ಕೆಲವು ಚಿತ್ರಗಳಷ್ಟು ಹಿಂದೆ ಹೋಗಿ, ನಿಜವಾದ ನಡೆಯೊಂದಿಗೆ ಲೆಕ್ಕವನ್ನು ಮತ್ತೆ ಹಾಕಿ, ಕಣ್ಣಿಗೆ ತಿಳಿಯುವ ಮೊದಲೇ ಈಗಿನ ಕ್ಷಣಕ್ಕೆ ಬರುತ್ತದೆ. ದೂರ ಸ್ಥಿರವಾಗಿದ್ದರೆ ಇದು ಚೆನ್ನಾಗಿ ನಡೆಯುತ್ತದೆ, ತಡ ಏರಿಳಿಯುತ್ತಿದ್ದರೆ ಚಿತ್ರ ಜಿಗಿಯುತ್ತದೆ. ಒಮ್ಮೆ 20 ಒಮ್ಮೆ 90 ಆಗುವ ಸಂಪರ್ಕಕ್ಕಿಂತ ಸದಾ 50 ಇರುವ ಸಂಪರ್ಕವನ್ನು ಆಟಗಾರರು ಮೇಲೆನ್ನುವುದು ಇದಕ್ಕೇ.

ನನ್ನನ್ನು ಹೆಚ್ಚು ಕಾಡುವ ದೂರ ಸಿಂಗಪುರದ್ದಲ್ಲ. ಮಸಿನಗುಡಿಯಿಂದ ತೆಪ್ಪಕಾಡು ದಾಟಿ, ಬಂಡೀಪುರದ ಕಾಡು ಹಾದು ಗುಂಡ್ಲುಪೇಟೆಗೆ ಐವತ್ತು ಕಿಲೋಮೀಟರ್ ಒಳಗೇ ಇದೆ. ಎರಡೂ ಕಡೆ ಕನ್ನಡ ಆಡುವ ಮಕ್ಕಳಿದ್ದಾರೆ, ನೆಂಟರಿದ್ದಾರೆ. ಅತ್ತೆಮಗ ಇಲ್ಲಿ, ಮಾವನ ಮಗ ಅಲ್ಲಿ ಕೂತು ಆಡಿದರೆ ಬೆಳಕಿಗೆ ಹೋಗಿಬರಲು ಅರ್ಧ ಮಿಲಿಸೆಕೆಂಡಿನ ದಾರಿ. ಆದರೆ ಇವನದು ಒಂದು ಕಂಪನಿ, ಅವನದು ಇನ್ನೊಂದು. ಎರಡು ಕಂಪನಿಗಳ ಜಾಲಗಳು ಒಂದನ್ನೊಂದು ಸಂಧಿಸುವುದು ಚೆನ್ನೈ, ಬೆಂಗಳೂರು, ಮುಂಬಯಿಯಂಥ ನಗರಗಳ ವಿನಿಮಯ ಕೇಂದ್ರಗಳಲ್ಲಿ. ಮಸಿನಗುಡಿಯ ಪ್ಯಾಕೆಟ್ ತಮಿಳುನಾಡಿನ ಬಯಲಿಗಿಳಿದು ಚೆನ್ನೈ ಮುಟ್ಟಿ, ಅಲ್ಲಿಂದ ಬೆಂಗಳೂರು, ಮೈಸೂರು ಹಾದು ಗುಂಡ್ಲುಪೇಟೆಗೆ ಬರಬಹುದು. ಸಾವಿರ ಕಿಲೋಮೀಟರ್ ಸುತ್ತಿದರೂ ಹೋಗಿಬರಲು ಹತ್ತು ಮಿಲಿಸೆಕೆಂಡ್ ಅಷ್ಟೇ. ಆಟಕ್ಕೆ ಅದು ಸಹ್ಯ. ಪಿಂಗ್ 70, 80 ಕಂಡರೆ ಮಾತ್ರ ಬಿಡಬಾರದು. ಕಂಪ್ಯೂಟರಿನಲ್ಲಿ ‘ಟ್ರೇಸ್‌ರೂಟ್’ ಓಡಿಸಿದರೆ ದಾರಿಯ ಒಂದೊಂದು ರೂಟರೂ ಅದಕ್ಕೆ ತಗುಲಿದ ಹೊತ್ತೂ ಸಾಲಾಗಿ ಬರುತ್ತವೆ. ಯಾವುದೋ ಒಂದು ಸಾಲಿನಲ್ಲಿ ಹೊತ್ತು ಒಮ್ಮೆಗೇ ಮೂವತ್ತಕ್ಕೂ ಹೆಚ್ಚು ಏರಿ, ಮುಂದಿನ ಸಾಲುಗಳಲ್ಲೂ ಇಳಿಯದೆ ಉಳಿದರೆ, ಪ್ಯಾಕೆಟ್ ಸಮುದ್ರ ದಾಟಿ ಹೋಗಿ ಬಂತೇ ಎಂದು ಅನುಮಾನಿಸಬೇಕು. ದಕ್ಷಿಣದ ಎರಡು ಊರುಗಳ ನಡುವೆ ಬೆಳಕು ಅಷ್ಟು ಹೊತ್ತು ತೆಗೆದುಕೊಳ್ಳಲು ಬೇರೆ ಕಾರಣ ಕಡಿಮೆ. ಇರುವುದೆಂದರೆ ದಾರಿಯ ಯಾವುದೋ ರೂಟರಿನಲ್ಲಿ ಪ್ಯಾಕೆಟ್‌ಗಳು ಕಾಯುವ ಸಾಲು ತುಂಬಿರುವುದು. ಬೆಳಗಿನ ಜಾವವೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಓಡಿಸಿ ನೋಡಿ. ಎರಡು ಹೊತ್ತಿನಲ್ಲೂ ಅದೇ ಏರಿಕೆ ಇದ್ದರೆ ದೋಷ ದಾರಿಯದು, ರಾತ್ರಿ ಮಾತ್ರ ಇದ್ದರೆ ದಟ್ಟಣೆಯದು. ಆ ಎರಡು ಪಟ್ಟಿಗಳನ್ನು ಹಾಗೆಯೇ ಕಂಪನಿಯ ತಾಂತ್ರಿಕ ವಿಭಾಗಕ್ಕೆ ಕಳಿಸಿ. ದಾರಿ ಬದಲಿಸುವುದು ಅವರ ಕಡೆ ಕೆಲವು ಸಾಲುಗಳ ಬದಲಾವಣೆ, ಮತ್ತು ಅದನ್ನು ಮಾಡಬಲ್ಲವರು ಅವರೊಬ್ಬರೇ.